ಜಗ್ಗದ ಕಲೆಗೆ ಬಯಾಪ್ಸಿ ಆಗಲಿ

ಮಾನ್ಯರೇ,

ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರನ್ನು ಇಸುಬು, ಸೋರಿಯಾಸಿಸ್ ಎಂದುಕೊಂಡು ವರ್ಷಗಟ್ಟಲೆ ಸುಮ್ನೆ ಮುಲಾಮು ಹಚ್ಚುತ್ತಾ ಇರುವವರಿದ್ದಾರೆ. ಇದರಲ್ಲಿ ಜಾಸ್ತಿ ಕಾಣಿಸುವ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಬಗೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಕಲೆಗಳು ಹೆಚ್ಚಾಗಿ ಏಳುವುದು ಸೊಂಟ, ತೊಡೆಯಂಥ ಬಟ್ಟೆ ಮುಚ್ಚುವ ಜಾಗದಲ್ಲಿ. ಹಾಗಾಗಿ ತೋರಿಸಲು ಸಂಕೋಚ ಬೇರೆ. ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಒಂದೇ ಸಲಕ್ಕೆ ಗೊತ್ತಾಗದೆ ಮತ್ತೆ ಮಾಡಬೇಕಾಗುವುದೂ ಉಂಟು. ಬೇಗ ಗೊತ್ತಾದರೆ ಹೆಚ್ಚಿನವರಿಗೆ ಸ್ಟಿರಾಯ್ಡ್ ಮುಲಾಮು, ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆಯಿಂದಲೇ ರೋಗ ಹತೋಟಿಗೆ ಬರುತ್ತದೆ. ಕೀಮೋಥೆರಪಿ ಎಂದು ಮೊದಲೇ ಹೆದರಬೇಕಿಲ್ಲ. ಆದರೆ ಈ ರೋಗದ ತುರಿಕೆ! ನಿದ್ದೆಯನ್ನೇ ಕಿತ್ತುಕೊಳ್ಳುವ ಅದನ್ನು ಸಣ್ಣ ದೂರು ಎಂದು ಬದಿಗಿಡುವುದು ತಪ್ಪು ಅಲ್ವಾ? ತಿಂಗಳುಗಟ್ಟಲೆ ಮದ್ದಿಗೂ ಜಗ್ಗದ ಕಲೆಯನ್ನು ಬಯಾಪ್ಸಿಗೆ ಕಳಿಸುವುದು, ತುರಿಕೆಗೂ ಮೊದಲಿನಿಂದಲೇ ಔಷಧ ಕೊಡುವುದು ವೈದ್ಯರ ರೂಢಿಯಾಗಲಿ.

– ಒಬ್ಬ ಓದುಗ