67 ಸೆಕೆಂಡಿನ ರೀಲು

ಬಸವನಗುಡಿ, ಬೆಂಗಳೂರು

ಪುಟ್ಟಿ,

ಎರಡನೇ ಮಹಾಯುದ್ಧದಲ್ಲಿ ಕ್ಯಾಮೆರಾ ಹಿಡಿದವರು ಆಮೇಲೆ ಸಾಕ್ಷ್ಯಚಿತ್ರಕ್ಕೆ ಬಂದದ್ದು ಹೇಗೆ ಅಂತ ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ.

ಮೊದಲು ಅವರ ಕೈಲಿದ್ದ ಸಾಮಾನು ನೋಡು. ಅಮೆರಿಕದ ಐಮೋ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದದ್ದು 100 ಅಡಿ ಫಿಲ್ಮು. 35 ಎಂಎಂನಲ್ಲಿ ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಓಡುತ್ತವೆ. ಲೆಕ್ಕ ಹಾಕಿದರೆ ಇಡೀ ರೀಲು 67 ಸೆಕೆಂಡು. ಬ್ಯಾಟರಿ ಇಲ್ಲ, ಹಳೇ ಗಡಿಯಾರದ ಹಾಗೆ ಕೀಲಿ ಕೊಡಬೇಕು. ಪ್ರತಿ ಶಾಟ್ ಆದ ಕೂಡಲೇ ಕೀಲಿ ತಿರುಗಿಸದಿದ್ದರೆ, ಟ್ಯಾಂಕು ಎದುರಿಗೆ ಬಂದಾಗಲೇ ಸ್ಪ್ರಿಂಗ್ ಕೈಕೊಡುತ್ತದೆ. ಬಿಸಿಲಲ್ಲಿ ರೀಲು ಬದಲಿಸಿದರೆ ಸುರುಳಿಯ ಹೊರಸುತ್ತು ಹಾಳು. ಲೆನ್ಸಿನ ಹಿಂದೆ ಫಿಲ್ಮು ಹಾದುಹೋಗುವ ಕಿಂಡಿಯಲ್ಲಿ, ಅಂದರೆ ಗೇಟಿನಲ್ಲಿ, ಮರಳಿನ ಒಂದು ಕಣ ಕೂತರೆ ಫಿಲ್ಮಿನ ಉದ್ದಕ್ಕೂ ಗೀರು. ಅದು ಗೊತ್ತಾಗುವುದು ಲ್ಯಾಬಿನಲ್ಲಿ, ತೆಗೆದವನಿಗಲ್ಲ.

ಅದಕ್ಕೇ ಡೋಪ್ ಶೀಟ್. ರೀಲಿನ ಜೊತೆ ಹೋಗುವ ಕಾಗದ: ತಾರೀಖು, ಜಾಗ, ಯಾವ ದಳ, ಶಾಟುಗಳ ಕ್ರಮ. ಹೆಚ್ಚಿನ ರೀಲುಗಳಲ್ಲಿ ಶಬ್ದವೇ ಇಲ್ಲ, ಗುಂಡಿನ ಸದ್ದು ಸ್ಟುಡಿಯೋದಲ್ಲಿ ಸೇರಿಸಿದ್ದು. ಹಾಗಾಗಿ ಕಾಗದವಿಲ್ಲದ ರೀಲು ಎಡಿಟರಿಗೆ ಬರೀ ಹೊಗೆ. ಕ್ಯಾಮೆರಾಮನ್ ನಿರ್ದೇಶಕನಾಗಲು ಶುರುಮಾಡುವುದು ಈ ಕಾಗದದ ಮೇಲೇ ಅನ್ನುವುದು ನನ್ನ ಲೆಕ್ಕ. ಬರೆಯಲು ಕೂತಾಗಲೇ ಗೊತ್ತಾಗುವುದು: ಸ್ಫೋಟ ಸಿಕ್ಕಿದೆ, ಅದನ್ನು ನೋಡಿದ ಮುಖ ಸಿಕ್ಕಿಲ್ಲ. ಜೋಡಿಸಲು ಕೊಂಡಿಯಿಲ್ಲ.

1945ರ ಏಪ್ರಿಲ್‌ನಲ್ಲಿ ಜರ್ಮನಿಯ ಬರ್ಗನ್-ಬೆಲ್ಸನ್ ಎಂಬ ನಾಜಿ ಸೆರೆಶಿಬಿರದಲ್ಲಿ ಬ್ರಿಟಿಷ್ ಸೇನೆಯ ಕ್ಯಾಮೆರಾದವರು ತೆಗೆದ ರೀಲುಗಳ ವಿಷಯ ಓದು. ಆ ರೀಲುಗಳಿಂದ ಮಾಡಹೊರಟ ಸಾಕ್ಷ್ಯಚಿತ್ರಕ್ಕೆ ಸಲಹೆ ಕೊಡಲು ಬಂದ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಕೇಳಿದ್ದು ಕತ್ತರಿಯಿಲ್ಲದ ಉದ್ದ ಶಾಟ್, ನಿಧಾನವಾಗಿ ತಿರುಗುವ ಕ್ಯಾಮೆರಾ. ಶವಗಳೂ ನಿಂತು ನೋಡುವವರೂ ಒಂದೇ ಶಾಟಿನಲ್ಲಿದ್ದರೆ, ಎರಡು ಕಡೆಯದನ್ನು ಅಂಟಿಸಿದ್ದಾರೆ ಅಂತ ನಾಳೆ ಯಾರೂ ಹೇಳುವಂತಿಲ್ಲ. ಆ ಚಿತ್ರ ಆಗ ಅರ್ಧಕ್ಕೇ ನಿಂತಿತು; ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು ಪೂರ್ತಿ ಮಾಡಿ 2014ರಲ್ಲಿ ತೋರಿಸಿತು.

ಶನಿವಾರ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗ್ತೀನಿ ಅಂದಿದ್ದೆ. ಫೋನಿನಲ್ಲಿ ಒಟ್ಟು 67 ಸೆಕೆಂಡು ಮಾತ್ರ ತೆಗೆ. ಶಾಟಿಗೆ 10 ಸೆಕೆಂಡು, ಅಂದರೆ 15 ಅಡಿ. ಆರು ಶಾಟಿಗೆ ರೀಲು ಹೆಚ್ಚುಕಮ್ಮಿ ಖಾಲಿ. ಒಂದರಲ್ಲಿ ಸೇವಂತಿಗೆ ತೂಗುವ ಕೈಯಿಂದ ತಕ್ಕಡಿಗೆ, ಅಲ್ಲಿಂದ ಕೊಳ್ಳುವವಳ ಮುಖಕ್ಕೆ ಕತ್ತರಿಸದೆ ಹೋಗು. ತೆಗೆದದ್ದನ್ನು ತೆರೆದು ನೋಡಬೇಡ, ಡೋಪ್ ಶೀಟ್ ಅಲ್ಲೇ ನಿಂತು ಬರಿ. ಭಾನುವಾರ ಬಂದಾಗ ಮೊದಲು ಆ ಕಾಗದ ಕೊಡು, ವಿಡಿಯೊ ಊಟ ಆದಮೇಲೆ ನೋಡೋಣ.

ಅಪ್ಪ