ನಾಯಿ ಬೊಗಳಿದ್ದು ಸಾಕು, ಡಿಬಗ್ಗರ್ ತೋರಿಸಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಪ್ರೋಗ್ರಾಮಿಂಗ್ ಪಾಠಮಾಲೆಯನ್ನು ನಾನು ತಪ್ಪದೆ ಓದುತ್ತೇನೆ. ಪುಣೆಯಲ್ಲಿ ಕೂತವರಿಗೆ ಇಂಥದ್ದು ಕನ್ನಡದಲ್ಲಿ ಸಿಗುವುದೇ ಅಪರೂಪ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಕಳೆದ ವಾರ ಅಬ್‌ಸ್ಟ್ರಾಕ್ಟ್ ಕ್ಲಾಸ್ (ಏನು ಮಾಡಬೇಕು ಅಂತ ಹೇಳಿ, ಹೇಗೆ ಅನ್ನುವುದನ್ನು ತನ್ನ ಕೆಳಗಿನ ಕ್ಲಾಸ್‌ಗಳಿಗೆ ಬಿಡುವ ಕ್ಲಾಸ್) ಬಗ್ಗೆ ಬಂದ ಕಂತು ಓದಿ ಹಣೆ ಚಚ್ಚಿಕೊಂಡೆ. ಮತ್ತೆ ಅದೇ ‘ಪ್ರಾಣಿ’! ಪ್ರಾಣಿಗೆ ‘ಕೂಗು’ ಅಂತ ಒಂದು ಫಂಕ್ಷನ್. ನಾಯಿ ಬಂದರೆ ಬೌ ಬೌ, ಬೆಕ್ಕು ಬಂದರೆ ಮ್ಯಾಂವ್. ಪಾಠ ಮುಗಿಯಿತು.

ನಮ್ಮ ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಎರಡನೇ ವರ್ಷ. ಅವರು ವಿಜಯಪುರದ ಕಡೆಯವರು. ನಿಮ್ಮ ಪುರವಣಿಯನ್ನು ಅವಳಿಗೂ ಕೊಡುತ್ತೇನೆ. ಓದಿ ವಾಪಸ್ ಕೊಡುವಾಗ ಕೇಳಿದಳು, “ಅಕ್ಕಾ, ಇದು ಗೊತ್ತಾಯ್ತು. ಆದ್ರೆ ಯಾರಾದ್ರೂ ಸಂಬಳ ಕೊಟ್ಟು ನಾಯಿ ಬೊಗಳ್ಸೋ ಕೋಡ್ ಬರಿಸ್ತಾರಾ?” ಸರಿಯಾದ ಪ್ರಶ್ನೆ ಅಲ್ವಾ? ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಿಂದ ಇಲ್ಲಿಗೆ ಇಂಟರ್‌ವ್ಯೂಗೆ ಬರುವ ಮಕ್ಕಳೂ ಇದೇ ನಾಯಿಯನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ. ಅದನ್ನು ಬಿಟ್ಟು ಬೇರೆ ಉದಾಹರಣೆ ಹೇಳಿ ಅಂದರೆ ಆಕಾರ, ವೃತ್ತ, ಚೌಕ. ಆಮೇಲೆ ಮೌನ.

ನಾನು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮೋಟಾರ್ ಕಂಟ್ರೋಲ್ ಬೋರ್ಡ್ ನಮ್ಮ ಸರಕು. ಬೋರ್ಡಿನೊಳಗಿನ ಪ್ರೋಗ್ರಾಂ ಕೈಕೊಟ್ಟಾಗ ಅದನ್ನು ನಡುವೆ ನಿಲ್ಲಿಸಿ ಒಳಗೆ ಇಣುಕುವ ಡಿಬಗ್ಗರ್ ಒಂದಿದೆ. ಅದನ್ನು ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೇನೆ. ಅಬ್‌ಸ್ಟ್ರಾಕ್ಟ್ ಕ್ಲಾಸ್ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ನಿಮ್ಮ ಅಂಕಣಕಾರರು ಒಪ್ಪಿದರೆ ಒಂದು ಕಂತು ಇದರ ಮೇಲೆ ಬರೆಯಲಿ. ಏನು ಬರೆಯಬಹುದು ಅಂತ ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಕತ್ತರಿಸಬೇಡಿ.

ಡಿಬಗ್ಗರ್‌ನ ಅರ್ಧ ಕೆಲಸ ಮಾತಾಡುವುದು. ಪ್ರೋಗ್ರಾಂ ಇಂಥ ಸಾಲಿನಲ್ಲಿ ನಿಂತಿದೆ, ಈ ವೇರಿಯಬಲ್‌ನಲ್ಲಿ ಇಷ್ಟಿದೆ, ಈ ಫಂಕ್ಷನನ್ನು ಕರೆದದ್ದು ಆ ಫಂಕ್ಷನ್ ಅಂತ ಹೇಳುತ್ತಲೇ ಇರಬೇಕು. ಹೊಸಬರು ಇದಕ್ಕೆಲ್ಲ ಸೀದಾ ಪರದೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್ ಬರೆದುಬಿಡುತ್ತಾರೆ. ಟರ್ಮಿನಲ್ ಮುಂದೆ ಕೂತಷ್ಟು ದಿನ ಅದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಬ್ಬರು ಬಂದು ‘ಇದೆಲ್ಲ ಲಾಗ್ ಫೈಲಿಗೂ ಹೋಗಲಿ’ ಅನ್ನುತ್ತಾರೆ. ಇನ್ನೊಬ್ಬರಿಗೆ ಪೈಥಾನ್ ಸ್ಕ್ರಿಪ್ಟ್‌ನಿಂದ ಕಮಾಂಡ್ ಓಡಿಸಿ ಉತ್ತರವನ್ನು ಸ್ಟ್ರಿಂಗ್ ಆಗಿ ಹಿಡಿಯಬೇಕು. ಮತ್ತೊಬ್ಬರಿಗೆ ತಮ್ಮ ಎಡಿಟರ್‌ನ ಕಿಟಕಿಯಲ್ಲೇ ಕಾಣಬೇಕು. ಕೋಡಿನ ತುಂಬ ಚೆಲ್ಲಿಹೋದ ಪ್ರಿಂಟ್‌ಎಫ್‌ಗಳನ್ನು ಆಗ ಯಾರು ಹೆಕ್ಕುತ್ತಾರೆ?

ಅದಕ್ಕೇ ನಡುವೆ ಒಂದು ಔಟ್‌ಪುಟ್ ಸ್ಟ್ರೀಮ್ ಕ್ಲಾಸ್ ಬೇಕು. ಕಮಾಂಡ್ ಬರೆಯುವವರು ಆ ಸ್ಟ್ರೀಮಿಗೆ ಬರೆಯುತ್ತಾರೆ. ಅದು ಹೋಗಿ ಎಲ್ಲಿ ಬೀಳುತ್ತದೆ ಅನ್ನುವುದು ಅವರ ತಲೆನೋವಲ್ಲ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇವತ್ತಿಗೂ ಲಿನಕ್ಸ್ ಮಂದಿಯ ಮುಖ್ಯ ಡಿಬಗ್ಗರ್. ಅದರಲ್ಲಿ ಈ ಕೆಲಸಕ್ಕೆ ಯುಐ ಫೈಲ್ ಅನ್ನುವ ಕ್ಲಾಸ್ ಇದೆ. ಮೊದಲು ಅದು ಸಿ ಭಾಷೆಯ ಸ್ಟ್ರಕ್ಟ್ ಆಗಿತ್ತು, ಒಳಗೆ ಫಂಕ್ಷನ್ ಪಾಯಿಂಟರ್‌ಗಳು. 2017ರಲ್ಲಿ ಜಿಡಿಬಿ ಸಿ ಪ್ಲಸ್ ಪ್ಲಸ್‌ಗೆ ಬದಲಾಗುತ್ತಿದ್ದಾಗ ಇದೂ ಸರಿಯಾದ ಕ್ಲಾಸ್ ಆಯಿತು. ಅದರ ಕೆಳಗೆ ಟರ್ಮಿನಲ್ಲಿಗೋ ಫೈಲಿಗೋ ಬರೆಯುವುದು ಒಂದು, ಸ್ಟ್ರಿಂಗ್‌ನಲ್ಲಿ ಕೂಡಿಡುವುದು ಒಂದು, ಏನು ಕೊಟ್ಟರೂ ನುಂಗಿ ಸುಮ್ಮನಿರುವುದು ಒಂದು. ಕೊಳಾಯಿಯ ಟಿ ಜಾಯಿಂಟ್ ಹಾಗೆ ಬಂದದ್ದನ್ನು ಎರಡು ಕಡೆ ಹರಿಸುವುದೂ ಇದೆ. ಪರದೆಯ ಜೊತೆಗೆ ಲಾಗ್ ಫೈಲಿಗೂ ಹೋಗುವುದು ಇದರಿಂದಲೇ. ನಾಯಿ, ಬೆಕ್ಕಿನ ಬದಲು ಇವನ್ನು ತೋರಿಸಿ. ಅಬ್‌ಸ್ಟ್ರಾಕ್ಟ್ ಕ್ಲಾಸ್ ಯಾಕೆ ಬೇಕು ಅಂತ ಯಾವ ಹುಡುಗನೂ ಎರಡನೇ ಸಲ ಕೇಳುವುದಿಲ್ಲ.

ಇನ್ನು ಇವಕ್ಕೆಲ್ಲ ಮೇಲಿರುವ ಬೇಸ್ ಕ್ಲಾಸಿನಲ್ಲಿ ಏನಿರಬೇಕು? ಜಗಳ ಶುರುವಾಗುವುದೇ ಇಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿ ಕ್ಲಾಸೂ ತಾನೇ ಬರೆಯಲೇಬೇಕಾದ ಫಂಕ್ಷನ್‌ಗಳು ಎರಡೇ ಸಾಕು: ಇಷ್ಟು ಬೈಟ್ ಬರೆ, ಮತ್ತು ಫ್ಲಶ್ ಮಾಡು (ಕೂಡಿಟ್ಟದ್ದನ್ನು ಈಗಲೇ ಹೊರಗೆ ಕಳಿಸು). ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದು, ಸಾಲು ಜೋಡಿಸುವುದು, ಜಾಗ ಬಿಡುವುದು ಎಲ್ಲ ಬೇಸ್‌ನಲ್ಲೇ ಮಾಮೂಲಿ ಫಂಕ್ಷನ್‌ಗಳಾಗಿರಲಿ, ವರ್ಚುವಲ್ (ಕೆಳಗಿನ ಕ್ಲಾಸ್ ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳುವಂಥದ್ದು) ಬೇಡ. ಅವೆಲ್ಲ ಕೊನೆಗೆ ಬಂದು ಆ ‘ಬರೆ’ಯನ್ನೇ ಕರೆಯುತ್ತವೆ. ಹೊಸ ಜಾಗಕ್ಕೆ ಔಟ್‌ಪುಟ್ ಕಳಿಸಬೇಕಾದಾಗ ಅರ್ಧ ಗಂಟೆಯ ಕೆಲಸ.

ಆ ‘ಬರೆ’ ಫಂಕ್ಷನ್‌ಗೆ ಪಾಯಿಂಟರ್ (ಬೈಟ್‌ಗಳಿರುವ ಮೆಮೊರಿಯ ವಿಳಾಸ) ಜೊತೆ ಉದ್ದವನ್ನೂ ಕೊಡಬೇಕು. ಇದು ಸಣ್ಣ ಮಾತಲ್ಲ. ಸಿ ಸ್ಟ್ರಿಂಗ್ ಸೊನ್ನೆ ಬೈಟ್ ಸಿಕ್ಕಲ್ಲಿ ಮುಗಿಯುತ್ತದೆ. ಡಿಬಗ್ಗರ್ ಅಗೆಯುವ ಮೆಮೊರಿಯಲ್ಲಿ ಸೊನ್ನೆಗಳಿಗೇನು ಬರ? ಉದ್ದ ಕೊಡದಿದ್ದರೆ ಮೊದಲ ಸೊನ್ನೆಗೇ ಮಾತು ನಿಂತುಹೋಗುತ್ತದೆ, ಮುಂದಿನದ್ದು ಸದ್ದಿಲ್ಲದೆ ಮಾಯ.

ಇನ್ನೊಂದು, ಉದ್ದ ಅಂದರೆ ಬೈಟ್‌ಗಳ ಲೆಕ್ಕ, ಅಕ್ಷರಗಳದ್ದಲ್ಲ. ನಮ್ಮ ಬೋರ್ಡಿನ ಡಿಸ್‌ಪ್ಲೇಯಲ್ಲಿ ಮರಾಠಿ, ಕನ್ನಡ ಸಂದೇಶಗಳಿವೆ. ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದು 9 ಬೈಟ್. ಬಫರ್ (ಹೊರಗೆ ಕಳಿಸುವ ಮೊದಲು ಬೈಟ್‌ಗಳನ್ನು ಕೂಡಿಡುವ ಜಾಗ) ತುಂಬುವ ಹೊತ್ತಿಗೆ ಸರಿಯಾಗಿ ಅದರ ನಡುವೆ ಕತ್ತರಿ ಬಿದ್ದರೆ ಐದು ಬೈಟ್ ಈಗ ಹೋಗುತ್ತವೆ, ನಾಲ್ಕು ಆಮೇಲೆ. ಫೈಲಿಗೆ ಇದರಿಂದ ಏನೂ ಆಗದು, ಎರಡು ತುಂಡೂ ಅಲ್ಲಿ ಒಂದಾಗುತ್ತವೆ. ಆದರೆ ಆ ಕಡೆ ಇರುವ ಕಿಟಕಿ ಬಂದ ಬಂದ ತುಂಡನ್ನು ಬೇರೆ ಬೇರೆಯಾಗಿ ಓದಿ ತೋರಿಸುವಂಥದ್ದಾದರೆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಬರೀ ಇಂಗ್ಲಿಷ್ ಬರೆಯುವವರಿಗೆ ಈ ತೊಂದರೆ ಜನ್ಮದಲ್ಲಿ ಕಾಣಿಸದು. ನಮ್ಮ ಮಕ್ಕಳಿಗೆ ಮೊದಲ ದಿನವೇ ಕಾಣುತ್ತದೆ.

ಬಫರ್ ಅಂದೆನಲ್ಲ, ಅದರ ಬಗ್ಗೆ ಒಂದು ಪ್ರಸಂಗ. ಚಾಕಣದ ಗ್ರಾಹಕರೊಬ್ಬರು ನಮ್ಮ ಡಿಬಗ್ಗರನ್ನು ತಮ್ಮ ಎಡಿಟರ್‌ನೊಳಗೆ ಪೈಪ್ (ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಒಯ್ಯುವ ದಾರಿ) ಮೂಲಕ ಜೋಡಿಸಿಕೊಂಡಿದ್ದರು. ಸ್ಟೆಪ್ ಬಟನ್ ಒತ್ತುತ್ತಾರೆ, ಕಿಟಕಿ ಖಾಲಿ. ಮತ್ತೆ ಒತ್ತುತ್ತಾರೆ, ಖಾಲಿ. ಬೋರ್ಡ್ ಕೆಟ್ಟಿದೆ ಅಂತ ಬೇರೆ ಬೋರ್ಡ್ ತಂದು ಹಾಕಿದರು. ಆಮೇಲೆ ಒಮ್ಮೆಲೇ ಅಷ್ಟೂ ಸ್ಟೆಪ್‌ಗಳ ಉತ್ತರ ದಬದಬ ಸುರಿಯಿತು. ಕಾರಣ ಇಷ್ಟೇ: ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದ್ದರೆ ಸಿ ಲೈಬ್ರರಿ ಸಾಲು ಮುಗಿದಾಗಲೆಲ್ಲ ಹೊರಗೆ ಬಿಡುತ್ತದೆ. ಪೈಪಿಗೋ ಫೈಲಿಗೋ ಹೋಗುತ್ತಿದ್ದರೆ ಬಫರ್ ತುಂಬುವ ತನಕ ಕಾಯುತ್ತದೆ. ಪೈಪಿಗೆ ಬರೆಯುವಾಗ ಸಿ ಲೈಬ್ರರಿ ಇಟ್ಟುಕೊಳ್ಳುವ ಈ ಬಫರ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 4096 ಬೈಟ್. ಡಿಬಗ್ಗರ್‌ಗೆ ಈ ಜಾಣತನ ಬೇಡವೇ ಬೇಡ. ಪ್ರಾಂಪ್ಟ್ ತೋರಿಸುವ ಮೊದಲು ಫ್ಲಶ್, ನಿಲ್ಲಿಸಿದ ಪ್ರೋಗ್ರಾಮನ್ನು ಮತ್ತೆ ಓಡಿಸುವ ಮೊದಲು ಫ್ಲಶ್. ಎರಡನೆಯದು ಮರೆತರೆ ಇನ್ನೂ ಮಜಾ. ಪ್ರೋಗ್ರಾಂ ತಾನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿರುತ್ತದೆ, ಅದರ ಕೆಳಗೆ ಡಿಬಗ್ಗರ್‌ನ ‘ಮುಂದುವರಿಸುತ್ತಿದ್ದೇನೆ’ ಬಂದು ಕೂರುತ್ತದೆ. ಏನು ಮೊದಲು, ಏನು ಆಮೇಲೆ ಅಂತ ಹುಡುಕುವುದಕ್ಕೇ ಡಿಬಗ್ಗರ್ ಇರುವುದು. ಅದೇ ಹಿಂದುಮುಂದಾಗಿ ಹೇಳಿದರೆ ಏನು ಮಾಡುವುದು?

ಹಾಗಂತ ಬಫರೇ ಬೇಡ ಅನ್ನುವ ಹಾಗಿಲ್ಲ. ಒಂದೊಂದು ಅಕ್ಷರಕ್ಕೂ ವರ್ಚುವಲ್ ಕರೆ, ಅದರ ಹಿಂದೆ ಆಪರೇಟಿಂಗ್ ಸಿಸ್ಟಂಗೆ ಕರೆ ಅಂದರೆ ನಿಧಾನ. ಕಂಪೈಲರ್ ಕಟ್ಟಲು ಬಳಸುವ ಎಲ್‌ಎಲ್‌ವಿಎಂ ಲೈಬ್ರರಿಯ ರಾ ಓಸ್ಟ್ರೀಮ್ ಕ್ಲಾಸನ್ನು ನೋಡಿ. ಬಫರ್ ಬೇಸ್‌ನಲ್ಲೇ ಇದೆ. ಜಾಗ ಇದ್ದಷ್ಟು ಹೊತ್ತು ಸುಮ್ನೆ ಅದರೊಳಗೆ ಕಾಪಿ ಮಾಡುತ್ತದೆ. ತುಂಬಿದಾಗ ಮಾತ್ರ ವರ್ಚುವಲ್ ಕರೆ. ಅದೇ ಲೈಬ್ರರಿಯಲ್ಲಿ ದೂರು ಹೇಳುವ ಎರ್ಸ್ ಸ್ಟ್ರೀಮಿಗೆ ಮಾತ್ರ ಬಫರ್ ಇಲ್ಲ. ಪ್ರೋಗ್ರಾಂ ಸಾಯುವಾಗ ಹೇಳುವ ಕೊನೆಯ ಮಾತು ಬಫರ್‌ನಲ್ಲೇ ಉಳಿದರೆ ಯಾರಿಗೆ ಉಪಯೋಗ?

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಟರ್ಮಿನಲ್ಲಿನಲ್ಲಿ ಕೆಂಪು ಕಾಣಬೇಕಾದರೆ ಎಸ್ಕೇಪ್ ಕೋಡ್ ಕಳಿಸುತ್ತೇವೆ. ಅದೇ ಫೈಲಿಗೆ ಹೋದರೆ ಸಾಲಿನ ನಡುವೆ ಆವರಣ ಚಿಹ್ನೆ, 31, ಎಂ ಅಂತ ಕಸ. ಹಾಗಾಗಿ ಬಣ್ಣ ಕಳಿಸುವ ಮೊದಲು ‘ನಿನಗೆ ಬಣ್ಣ ಗೊತ್ತಾ’ ಅಂತ ಸ್ಟ್ರೀಮನ್ನೇ ಕೇಳಬೇಕು. ಬೇಸ್ ‘ಇಲ್ಲ’ ಅನ್ನಲಿ, ಗೊತ್ತಿರುವವರು ‘ಹೌದು’ ಅಂತ ಬದಲಿಸಿಕೊಳ್ಳಲಿ. ಎರಡು ಕಡೆ ಹರಿಸುವ ಸ್ಟ್ರೀಮ್ ಏನು ಉತ್ತರ ಕೊಡಬೇಕು ಅಂತ ನಮ್ಮಲ್ಲಿ ಊಟದ ಹೊತ್ತಿನಲ್ಲೂ ವಾದ ನಡೆದಿದೆ. ಅದನ್ನು ಓದುಗರಿಗೇ ಬಿಡಿ, ಒಳ್ಳೆಯ ಲೆಕ್ಕ.

ಪುಟ ಪುಟವಾಗಿ ನಿಲ್ಲಿಸಿ ತೋರಿಸುವುದನ್ನು ಬೇಸ್‌ಗೆ ತುರುಕಲೇಬಾರದು. ಜಿಡಿಬಿಯಲ್ಲಿ ಈಗ ಅದಕ್ಕೆ ಬೇರೆಯೇ ಪೇಜರ್ ಕ್ಲಾಸ್ ಇದೆ, ಇನ್ನೊಂದು ಸ್ಟ್ರೀಮನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತದೆ. ಪುಟದ ಕೊನೆಯಲ್ಲಿ ಅದು ನಿಂತು ಕೇಳಿದಾಗ ನೀವು ಕ್ಯೂ ಒತ್ತಿದಿರಿ ಅನ್ನಿ, ಆ ‘ಬರೆ’ ಫಂಕ್ಷನ್‌ನಿಂದಲೇ ಎಕ್ಸೆಪ್ಶನ್ ಹಾರುತ್ತದೆ. ಅಂದರೆ ಸುಮ್ನೆ ಒಂದು ಸಾಲು ಬರೆಯಲು ಹೋದ ಕಮಾಂಡ್ ಅರ್ಧಕ್ಕೇ ಬಿಟ್ಟುಹೋಗಬಹುದು. ಕೈಯಲ್ಲಿ ಹಿಡಿದ ಮೆಮೊರಿ, ತೆರೆದ ಫೈಲು ಎಲ್ಲ ಆಗಲೂ ಸರಿಯಾಗಿ ವಾಪಸ್ ಹೋಗಬೇಕು. ಈ ಸೌಲಭ್ಯ ಬೇಕೇ ಬೇಕು ಅಂತ ನನಗೆ ಗೊತ್ತಾದದ್ದು ಸೀರಿಯಲ್ ಕೇಬಲ್ ಹಾಕಿ ಕೂತಾಗ. ನಮ್ಮದು 115200 ಬಾಡ್. ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಸೆಕೆಂಡಿಗೆ 11,520 ಬೈಟ್. 64 ಕೆಬಿ ಮೆಮೊರಿಯನ್ನು ಬೋರ್ಡೇ ಹೆಕ್ಸ್‌ನಲ್ಲಿ ಬರೆದು ಕಳಿಸಿದರೆ, ಪ್ರತಿ ಬೈಟಿಗೆ ಎರಡು ಅಂಕಿ, ಒಂದು ಖಾಲಿ ಜಾಗ, ಒಟ್ಟು 1,96,608 ಅಕ್ಷರ. 17 ಸೆಕೆಂಡ್. ತಪ್ಪು ವಿಳಾಸ ಕೊಟ್ಟಿದ್ದೀರಿ ಅಂತ ಮೊದಲ ಸಾಲಿನಲ್ಲೇ ಗೊತ್ತಾದರೂ ನಿಲ್ಲಿಸಲು ಆಗದಿದ್ದರೆ ಆ 17 ಸೆಕೆಂಡ್ ಬಹಳ ಉದ್ದ.

ಈಗ ನಿಮ್ಮ ಕಂತಿನಲ್ಲಿದ್ದ ಒಂದು ತಪ್ಪಿಗೆ ಬರುತ್ತೇನೆ. ಅದನ್ನು ತಿದ್ದಲೇಬೇಕು. ಅಂಕಣದ ‘ಪ್ರಾಣಿ’ ಕ್ಲಾಸಿನಲ್ಲಿ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ಅಳಿಯುವಾಗ ಓಡುವ ಫಂಕ್ಷನ್) ವರ್ಚುವಲ್ ಆಗಿಲ್ಲ. ಕೆಳಗಿನ ಉದಾಹರಣೆಯಲ್ಲಿ ‘ನಾಯಿ’ಯನ್ನು ‘ಪ್ರಾಣಿ’ ಪಾಯಿಂಟರ್ ಮೂಲಕವೇ ಡಿಲೀಟ್ ಮಾಡಿದ್ದಾರೆ. ಸಿ ಪ್ಲಸ್ ಪ್ಲಸ್ ನಿಯಮದಲ್ಲಿ ಇದರ ಫಲ ಏನು ಬೇಕಾದರೂ ಆಗಬಹುದು. ನಾಯಿಯ ಹೊಟ್ಟೆಯಲ್ಲಿ ಏನೂ ಇಲ್ಲವಾದ್ದರಿಂದ ನಿಮ್ಮ ಉದಾಹರಣೆಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಅದೇ ಜಾಗದಲ್ಲಿ ಲಾಗ್ ಫೈಲ್ ಸ್ಟ್ರೀಮ್ ಇದ್ದಿದ್ದರೆ? ಹೆಚ್ಚಿನ ಸಲ ಅದರ ಸ್ವಂತ ಡಿಸ್ಟ್ರಕ್ಟರ್ ಓಡುವುದೇ ಇಲ್ಲ. ಫೈಲ್ ಮುಚ್ಚುವುದಿಲ್ಲ, ಬಫರ್‌ನಲ್ಲಿ ಉಳಿದದ್ದು ಹೊರಗೆ ಬರುವುದಿಲ್ಲ. ಲಾಗ್‌ನ ಕೊನೆಯ ಸಾಲುಗಳೇ ಇಲ್ಲ. ಕ್ರ್ಯಾಶ್ ಯಾಕಾಯಿತು ಅನ್ನುವುದು ಇರುವುದು ಆ ಸಾಲುಗಳಲ್ಲೇ ಅಲ್ವಾ?

ವರ್ಚುವಲ್ ಅಂತ ಬರೆದ ಮೇಲೂ ಒಂದು ಹಳ್ಳ ಇದೆ. ‘ಎಲ್ಲ ಕ್ಲಾಸಿಗೂ ಬೇಕಾದ್ದು ತಾನೆ, ಉಳಿದ ಬಫರನ್ನು ಬೇಸ್‌ನ ಡಿಸ್ಟ್ರಕ್ಟರ್‌ನಲ್ಲೇ ಫ್ಲಶ್ ಮಾಡಿಬಿಡೋಣ’ ಅಂತ ಎಲ್ಲರಿಗೂ ಅನಿಸುತ್ತದೆ. ಆಗುವುದಿಲ್ಲ. ಆಬ್ಜೆಕ್ಟ್ ಅಳಿಯುವಾಗ ಮೊದಲು ಹೋಗುವುದು ಡಿರೈವ್ಡ್ (ಕೆಳಗಿನ ಕ್ಲಾಸಿನ) ಭಾಗ, ಆಮೇಲೆ ಬೇಸ್. ಬೇಸ್‌ನ ಸರದಿ ಬರುವ ಹೊತ್ತಿಗೆ ಫೈಲನ್ನು ಹಿಡಿದುಕೊಂಡಿದ್ದ ಭಾಗವೇ ಇಲ್ಲ. ಆಗ ‘ಬರೆ’ ಅಂತ ಕರೆದರೆ ಸಿಗುವುದು ಬೇಸ್‌ನ ಖಾಲಿ ‘ಬರೆ’. ಜಿಸಿಸಿ ಕಂಪೈಲರ್‌ನಲ್ಲಾದರೆ ಸಾಮಾನ್ಯವಾಗಿ ‘ಪ್ಯೂರ್ ವರ್ಚುವಲ್ ಮೆಥಡ್ ಕಾಲ್ಡ್’ ಅಂತ ಹೇಳಿ ಡಿಬಗ್ಗರ್ ಅಲ್ಲೇ ಸಾಯುತ್ತದೆ. ರಾ ಓಸ್ಟ್ರೀಮ್ ಬರೆದವರು ಇದಕ್ಕೇ ಬೇಸ್‌ನ ಡಿಸ್ಟ್ರಕ್ಟರ್‌ನಲ್ಲಿ ಫ್ಲಶ್ ಮಾಡುವುದಿಲ್ಲ. ಬಫರ್ ಖಾಲಿ ಇದೆಯೇ ಅಂತ ಒಂದು ಅಸರ್ಟ್ (ಸುಳ್ಳಾದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಪರೀಕ್ಷೆ) ಇಟ್ಟು ನೋಡುತ್ತಾರೆ, ಅಷ್ಟೇ. ಖಾಲಿ ಮಾಡುವ ಹೊಣೆ ಕೆಳಗಿನ ಕ್ಲಾಸಿನದು. ಈ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು, ಜಿಡಿಬಿಯದ್ದೂ ಅಷ್ಟೇ. ನಾಲ್ಕು ಪುಸ್ತಕ ಓದಿದ್ದಕ್ಕಿಂತ ಜಾಸ್ತಿ ನಾನು ಆ ಅಸರ್ಟ್ ಸಾಲಿನಿಂದ ಕಲಿತಿದ್ದೇನೆ.

ಅಂಕಣಕಾರರ ಮೇಲೆ ನನಗೆ ಸಿಟ್ಟಿಲ್ಲ, ಅವರ ಭಾಷೆ ತುಂಬ ಚೆನ್ನಾಗಿದೆ. ಡಿಬಗ್ಗರ್ ಕಂತು ಯಾವಾಗ ಬಂದರೂ ಸರಿ. ಆದರೆ ‘ಪ್ರಾಣಿ’ಯ ಡಿಸ್ಟ್ರಕ್ಟರ್ ಮುಂದೆ ‘ವರ್ಚುವಲ್’ ಸೇರಿಸಿ ಅನ್ನುವ ತಿದ್ದುಪಡಿಯನ್ನು ಬರುವ ಭಾನುವಾರವೇ ಹಾಕಿ. ಮಕ್ಕಳು ಆ ಕೋಡನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಾರೆ. ಪಕ್ಕದ ಮನೆಯವಳದ್ದನ್ನು ನಾನೇ ತಿದ್ದಿದ್ದೇನೆ, ಉಳಿದವರದ್ದು ನಿಮ್ಮ ಕೈಯಲ್ಲಿದೆ.

ಇತಿ,
ಚಿಂಚವಾಡದ ಓದುಗಳೊಬ್ಬಳು
ಪುಣೆ