ಸ್ಟೆಂಟ್ ಆಯಿತು, ನರಗಳ ಕಥೆ ಏನು?

ಮಾನ್ಯ ಸಂಪಾದಕರೇ,

ಹೃದಯಾಘಾತದ ಬಗ್ಗೆ ಬರುವ ಲೇಖನಗಳೆಲ್ಲ ಸ್ಟೆಂಟ್, ಬೈಪಾಸ್, ಕೊಲೆಸ್ಟರಾಲ್ ಅಂತ ಹೇಳಿ ನಿಂತುಬಿಡುತ್ತವೆ. ಆಮೇಲಿನ ದಿನಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಮುಂಬಯಿಯಲ್ಲಿ ನಮ್ಮವರು ಎಷ್ಟೋ ಜನ ಹೋಟೆಲಿನ ಗಲ್ಲಾದಲ್ಲಿ ಕೂತೇ ಅರ್ಧ ಆಯುಷ್ಯ ಕಳೆದವರು. ಆಘಾತವಾದ ಮೇಲೆ ಒಂದೋ ಮಂಚ ಬಿಟ್ಟು ಏಳುವುದಿಲ್ಲ, ಇಲ್ಲಾ ಯಾರನ್ನೂ ಕೇಳದೆ ಬೆಳಗಿನ ಲೋಕಲ್ ರಶ್ಶಿಗೆ ನುಗ್ಗುತ್ತಾರೆ. ಎರಡೂ ಸರಿಯಲ್ಲ.

ನಾಳ ಕಟ್ಟಿದಾಗ ಹೃದಯ ಸುಮ್ನೆ ಕೂರುವುದಿಲ್ಲ. ಆಮ್ಲಜನಕ ಸಾಲದ ಜಾಗದಲ್ಲಿ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಿ, ಕೂದಲಿಗಿಂತ ತೆಳ್ಳಗಿನ ಹೊಸ ನಾಳಗಳು ಚಿಗುರುತ್ತವೆ. ಮೊದಲೇ ಇದ್ದ ಸಣ್ಣ ಅಡ್ಡನಾಳಗಳೂ ರಕ್ತದ ಹರಿವು ಜಾಸ್ತಿಯಾದಂತೆ ಅಗಲವಾಗುತ್ತವೆ, ದೊಡ್ಡ ರಸ್ತೆ ಬಂದಾದಾಗ ಓಣಿಯನ್ನೇ ಅಗಲ ಮಾಡಿಕೊಂಡ ಹಾಗೆ.

ಇದರಲ್ಲಿ ನರಗಳ ಕೈವಾಡ ದೊಡ್ಡದು. ಪೆಟ್ಟು ತಿಂದ ಹೃದಯದ ಸುದ್ದಿ ಬೆನ್ನುಹುರಿಗೆ, ಮಿದುಳಿಗೆ ಹೋದ ಕೂಡಲೇ, ನಮ್ಮನ್ನು ಕೇಳದೆಯೇ, ಬಡಿತ ಏರಿಸುವ ಸಿಂಪಥೆಟಿಕ್ ನರಗಳು ಜೋರಾಗುತ್ತವೆ, ಬಡಿತ ಇಳಿಸುವ ವೇಗಸ್ ನರ ಹಿಂದೆ ಸರಿಯುತ್ತದೆ. ಈ ರಿಫ್ಲೆಕ್ಸ್ ಮೊದಲಿಗೆ ರಕ್ತದೊತ್ತಡ ಬೀಳದಂತೆ ಕಾಯುತ್ತದೆ. ಸಿಂಪಥೆಟಿಕ್ ನರದ ತುದಿಯಿಂದ ಬರುವ ನ್ಯೂರೋಪೆಪ್ಟೈಡ್ ವೈ ಎಂಬ ರಾಸಾಯನಿಕ ಹೊಸ ನಾಳ ಬೆಳೆಸುತ್ತದೆ ಅಂತ ಪ್ರಾಣಿಗಳ ಪ್ರಯೋಗದಲ್ಲಿ ಕಂಡಿದೆ, ತಮಾಷೆ ಅಂದ್ರೆ ಅದೇ ವಸ್ತು ಇದ್ದ ನಾಳವನ್ನು ಹಿಂಡುತ್ತದೆ ಕೂಡ! ಆದರೆ ಈ ಜೋರು ತಿಂಗಳುಗಟ್ಟಲೆ ಇಳಿಯದಿದ್ದರೆ ಕಷ್ಟ. ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಏರಿದರೆ ಆ ಬಿಡುವೇ ಕಡಿಮೆ ಅಲ್ವಾ? ಹೃದಯಾಘಾತವಾದವರ ಮೇಲೆ ನಡೆದ 1998ರ ಅಟ್ರಾಮಿ ಅಧ್ಯಯನದಲ್ಲಿ, ರಕ್ತದೊತ್ತಡ ಏರಿದಾಗ ಬಡಿತ ಇಳಿಸುವ ರಿಫ್ಲೆಕ್ಸ್ ಮಂಕಾದವರಲ್ಲಿ ಸಾವು ಜಾಸ್ತಿ ಕಂಡಿತು.

ಹಾಗಂತ ಕುತ್ತಿಗೆ ಒತ್ತಿ ವೇಗಸ್ ಎಬ್ಬಿಸಿ ಅನ್ನೋ ವಾಟ್ಸಾಪ್ ಉಪದೇಶ ನಂಬಬೇಡಿ, ಅದು ಅಪಾಯ. ಕರೆಂಟ್ ಕೊಟ್ಟು ವೇಗಸ್ ಚುರುಕು ಮಾಡಿದಾಗ ಇಲಿಗಳು ಹೆಚ್ಚು ಕಾಲ ಬದುಕಿದವು, ಆದರೆ ಹೃದಯ ಸೋತ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, 2016ರಲ್ಲಿ ಫಲಿತಾಂಶ ಬಂದಾಗ, ಅಂಥ ಲಾಭ ಸಿಗಲಿಲ್ಲ. ಸದ್ಯಕ್ಕೆ ಕೈಗೆಟುಕುವುದು ಡಾಕ್ಟರ್ ಅಳೆದು ಕೊಟ್ಟ ನಡಿಗೆ. ಅದರಿಂದ ನಾಳದಲ್ಲಿ ಹರಿವೂ ಹೆಚ್ಚುತ್ತದೆ, ವೇಗಸ್ ಕೂಡ ನಿಧಾನಕ್ಕೆ ಚೇತರಿಸುತ್ತದೆ. ಸಿಂಪಥೆಟಿಕ್ ಜೋರನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಟ್ಟಿದ್ದರೆ, ಸುಸ್ತು ಅಂತ ತಾವೇ ನಿಲ್ಲಿಸಬಾರದು.

ನಮ್ಮ ಕನ್ನಡ ಸಂಘಗಳು ಉಚಿತ ಇಸಿಜಿ ಶಿಬಿರ ಮಾಡುತ್ತವೆ, ಒಳ್ಳೆಯದೇ. ಆಘಾತವಾಗಿ ಮನೆಗೆ ಬಂದವರನ್ನೂ ಅವರ ಮನೆಯವರನ್ನೂ ಕೂರಿಸಿ, ಎಷ್ಟು ನಡೆಯಬೇಕು, ಯಾವಾಗ ನಿಲ್ಲಬೇಕು ಅಂತ ಕನ್ನಡದಲ್ಲಿ ಹೇಳುವ ಒಂದು ಭಾನುವಾರವನ್ನೂ ಇಟ್ಟುಕೊಳ್ಳಲಿ. ನೀವೂ ಒಬ್ಬ ಹೃದ್ರೋಗ ತಜ್ಞರಿಂದ ಬರೆಸಿ.

— ಒಬ್ಬ ಓದುಗ, ಡೊಂಬಿವಲಿ